ಜತ್ತಿಯವರ ಪುಸ್ತಿಕೆಯನ್ನು ಅಚ್ಚು ಹಾಕಿಸಿದ ಬಗೆ: ನವನಗರದ ಒಂದು ಮುದ್ರಣಾಲಯದ ವಿಮರ್ಶೆ

ಬಾಗಲಕೋಟೆಯ ನವನಗರದಲ್ಲಿರುವ ಒಂದು ಆಫ್‌ಸೆಟ್ ಮುದ್ರಣಾಲಯದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಬಳಗದ ಪರವಾಗಿ ನಾನು 48 ಪುಟಗಳ ಪುಸ್ತಿಕೆಯೊಂದನ್ನು ಅಚ್ಚು ಹಾಕಿಸಿದೆ. ಪುಸ್ತಿಕೆ ಮೈಸೂರು ರಾಜ್ಯದ ಮುಖ್ಯಮಂತ್ರಿಯೂ ದೇಶದ ಉಪರಾಷ್ಟ್ರಪತಿಯೂ ಆಗಿದ್ದ ಬಸಪ್ಪ ದಾನಪ್ಪ ಜತ್ತಿಯವರ ಜೀವನವನ್ನೂ ರಾಜಕಾರಣವನ್ನೂ ಕುರಿತದ್ದು. ಅವರು ಹುಟ್ಟಿದ ದಿನವಾದ ಸೆಪ್ಟೆಂಬರ್ 10ರಂದು ಜಮಖಂಡಿ ತಾಲ್ಲೂಕಿನ ಕೆಲವು ಪ್ರೌಢಶಾಲೆಗಳ ಮಕ್ಕಳ ಕೈಗೆ ಅದನ್ನು ಕೊಡಬೇಕೆಂಬುದು ನಮ್ಮ ಯೋಜನೆಯಾಗಿತ್ತು. ಜಾತ್ರೆಯ ಸ್ಮರಣ ಸಂಚಿಕೆ, ನಿವೃತ್ತರ ಅಭಿನಂದನ ಹೊತ್ತಿಗೆ, ತೀರಿಹೋದ ಹಿರಿಯರ ನೆನಪಿನ ಪುಸ್ತಕ ಮುಂತಾದ ಸಣ್ಣ ಕೆಲಸಗಳನ್ನು ಮಾಡಿಸುವವರು ನಮ್ಮ ಕಡೆ ಬಹಳ ಮಂದಿ ಇರುವುದರಿಂದ, ಅವರಿಗೆ ಉಪಯೋಗವಾದೀತೆಂದು ನನ್ನ ಅನುಭವವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಅಂಗಡಿಯ ಹೆಸರನ್ನು ಬರೆಯುವುದಿಲ್ಲ. ನಾನು ಹೇಳಲಿರುವ ತಪ್ಪುಗಳಲ್ಲಿ ಹೆಚ್ಚಿನವು ಆಗಷ್ಟೇ ಕೆಲಸಕ್ಕೆ ಸೇರಿದ್ದ ಒಬ್ಬ ಹುಡುಗನ ಕೈಯಿಂದ ಆದವು. ಅವನ ಅನ್ನಕ್ಕೆ ನಾನು ಅಡ್ಡ ಬರಲಾರೆ. ಅಚ್ಚು, ಕಾಗದ ಮತ್ತು ಹೊಲಿಗೆಯ ಮಟ್ಟಿಗೆ ಈ ಅಂಗಡಿಯನ್ನು ಧೈರ್ಯವಾಗಿ ನಂಬಬಹುದು, ಅಕ್ಷರ ಜೋಡಣೆಯ ಮಟ್ಟಿಗೆ ನಂಬಬಾರದು ಎಂಬ ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ಅಂಗಡಿಯ ಮಾಲೀಕರು ಮುಳುಗಡೆಯ ಕಾಲದಲ್ಲಿ ಹಳೆಯ ಊರಿನಿಂದ ಎದ್ದು ಬಂದವರು. ಆಲಮಟ್ಟಿಯ ಹಿನ್ನೀರು ಏರುತ್ತ ಬಂದಂತೆ ಹಳೆಯ ಬಾಗಲಕೋಟೆಯ ಓಣಿಗಳು ಒಂದೊಂದಾಗಿ ಖಾಲಿಯಾದಾಗ, ಅವರ ತಂದೆ ನಡೆಸುತ್ತಿದ್ದ, ಅಕ್ಷರದ ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುವ ಪ್ರೆಸ್ಸೂ ಎದ್ದಿತಂತೆ. ಆ ಕಾಲದ ಮರದ ಖಾನೆಯೊಂದನ್ನು ಅವರು ಇನ್ನೂ ಕೌಂಟರಿನ ಹಿಂದೆ ಗೋಡೆಗೆ ಒರಗಿಸಿ ಇಟ್ಟಿದ್ದಾರೆ. ಅದರ ಒಂದೊಂದು ಮನೆಯಲ್ಲಿ ಈಗ ರಬ್ಬರ್ ಬ್ಯಾಂಡು, ಸ್ಟೇಪಲ್ ಪಿನ್ನು, ಗಿರಾಕಿಗಳ ವಿಸಿಟಿಂಗ್ ಕಾರ್ಡುಗಳು ಇವೆ. ಒಳಗೆ ಒಂದೇ ಬಣ್ಣದಲ್ಲಿ ಅಚ್ಚು ಹಾಕುವ ಆಫ್‌ಸೆಟ್ ಯಂತ್ರ, ಒಂದು ಕತ್ತರಿಸುವ ಯಂತ್ರ, ಹೊರಗಿನ ಕೋಣೆಯಲ್ಲಿ ಎರಡು ಕಂಪ್ಯೂಟರ್. ನಾಲ್ಕು ಬಣ್ಣದ ಮುಖಪುಟವನ್ನು ಅವರು ಹುಬ್ಬಳ್ಳಿಗೆ ಕಳಿಸಿ ಮಾಡಿಸುತ್ತಾರೆ. ಅದನ್ನು ಮುಚ್ಚಿಡದೆ ಮೊದಲ ದಿನವೇ ಹೇಳಿದರು.

ಲೆಕ್ಕವನ್ನೂ ಅಷ್ಟೇ ಸ್ಪಷ್ಟವಾಗಿ ಬರೆದುಕೊಟ್ಟರು. ಡೆಮಿ 1/8 ಆಕಾರ, ಒಳಪುಟಗಳಿಗೆ 70 ಜಿಎಸ್‌ಎಂ ತೂಕದ ಮ್ಯಾಪ್ಲಿಥೋ ಕಾಗದ, ಮುಖಪುಟಕ್ಕೆ ದಪ್ಪ ಆರ್ಟ್ ಬೋರ್ಡು, ಮೇಲೆ ಮ್ಯಾಟ್ ಲ್ಯಾಮಿನೇಶನ್, ನಡುವೆ ಎರಡು ಪಿನ್, 500 ಪ್ರತಿಗೆ ಎಲ್ಲ ಸೇರಿ 19,000 ರೂಪಾಯಿ. 16 ಪುಟಕ್ಕೆ ಒಂದು ಫಾರಂ ಆದ್ದರಿಂದ 48 ಪುಟಕ್ಕೆ ಸರಿಯಾಗಿ ಮೂರು ಫಾರಂ ಆಗುತ್ತದೆ, 50 ಪುಟ ಮಾಡಿದರೆ ಸುಮ್ಮನೆ ಹಣ ಹೋಗುತ್ತದೆ ಎಂದು ಅವರೇ ಹೇಳಿ, ನಾನು ತಂದಿದ್ದ ಎರಡು ಪುಟದ ಶುಭಾಶಯ ಸಂದೇಶಗಳನ್ನು ತೆಗೆಸಿದರು. ಶುಭಾಶಯ ಕೊಟ್ಟಿದ್ದ ಇಬ್ಬರು ಇನ್ನೂ ನನ್ನೊಡನೆ ಸರಿಯಾಗಿ ಮಾತನಾಡುತ್ತಿಲ್ಲವಾದರೂ ಪುಸ್ತಿಕೆಗೆ ಅದರಿಂದ ಒಳ್ಳೆಯದೇ ಆಯಿತು.

ಮೊದಲ ಪ್ರೂಫ್, ಅಂದರೆ ತಿದ್ದಲು ಕೊಡುವ ಕರಡು ಪ್ರತಿ, ಐದನೆಯ ದಿನ ಬಂತು. ತೆರೆದರೆ ಶೀರ್ಷಿಕೆಯಲ್ಲೇ ‘ಬಿ.ಡಿ. ಜಟ್ಟಿ’ ಎಂದಿತ್ತು. ನಾವು ಬರೆದ ಲೇಖನ ಕನ್ನಡದಲ್ಲಿಯೇ ಇದ್ದಿತಾದರೂ ಕಾಲಾನುಕ್ರಮಣಿಕೆಯ ಪಟ್ಟಿಯನ್ನು ನಮ್ಮ ಬಳಗದ ಒಬ್ಬರು ಇಂಗ್ಲಿಷಿನಲ್ಲಿ ಕೊಟ್ಟಿದ್ದರು. ಹುಡುಗ ಅದನ್ನು ನೋಡಿ ಕನ್ನಡಕ್ಕೆ ಇಳಿಸುವಾಗ ತಕಾರವನ್ನು ಟಕಾರ ಮಾಡಿ, ಬಳಿಕ ಎರಡೂ ಒಂದೇ ಇರಲೆಂದು ಇಡೀ ಪುಸ್ತಿಕೆಯಲ್ಲಿ ಹೆಸರನ್ನು ಬದಲಾಯಿಸಿದ್ದ. ಕುಸ್ತಿಯ ಕಣಕ್ಕೆ ಹೆಸರಾದ ನಮ್ಮ ಸೀಮೆಯಲ್ಲಿ ಜಟ್ಟಿ ಎಂದರೆ ಪೈಲವಾನ. ಮೃದು ಮಾತಿನ, ಎತ್ತರದ ದನಿಯನ್ನು ಎಂದೂ ಬಳಸದ ವಕೀಲರೊಬ್ಬರನ್ನು ಮುಖಪುಟದಲ್ಲಿಯೇ ಅಖಾಡಕ್ಕೆ ಇಳಿಸಿದಂತಾಗಿತ್ತು. ಇದು ನಗುತ್ತ ತಿದ್ದಬಹುದಾದ ತಪ್ಪು, ತಿದ್ದಿದ್ದೂ ಆಯಿತು.

ನನಗೆ ನಿಜವಾಗಿ ಕಿರಿಕಿರಿಯಾದದ್ದು ಮಧ್ಯದ ಎರಡು ಪುಟದ ಪಟ್ಟಿ. ಎಡಗಡೆ ವರ್ಷ, ಬಲಗಡೆ ಹುದ್ದೆ ಎಂಬ ಎರಡು ಕಾಲಮ್ಮಿನ ಆ ಪಟ್ಟಿಯನ್ನು ಹುಡುಗ ಅಂದವಾಗಿಯೇ ಹೊಂದಿಸಿದ್ದ, ಗೆರೆಗಳು ಅಚ್ಚುಕಟ್ಟಾಗಿದ್ದವು, ಸಾಲುಗಳು ಎಲ್ಲಿಯೂ ಮುರಿದಿರಲಿಲ್ಲ. ಸಾಲು ಮುರಿಯದಿರಲೆಂದೇ ಅವನು ಒಂದು ಉಪಾಯ ಮಾಡಿದ್ದ. ಯಾವ ಹುದ್ದೆಯ ಹೆಸರು ಕಾಲಮ್ಮಿಗಿಂತ ಉದ್ದವಾಗುತ್ತದೆಯೋ ಅದರ ಮೊದಲ ಪದವನ್ನು ತೆಗೆದುಹಾಕಿದ್ದ. ‘ಉಪಮಂತ್ರಿ, ಆರೋಗ್ಯ ಮತ್ತು ಕಾರ್ಮಿಕ ಖಾತೆ’ ಎಂಬುದು ಬರಿಯ ‘ಮಂತ್ರಿ’ಯಾಗಿತ್ತು. ‘ಲೆಫ್ಟಿನೆಂಟ್ ಗವರ್ನರ್’ ಎಂಬುದು ‘ಗವರ್ನರ್’ ಆಗಿತ್ತು. ‘ಹಂಗಾಮಿ ರಾಷ್ಟ್ರಪತಿ’ ಎಂಬುದು ‘ರಾಷ್ಟ್ರಪತಿ’ಯಾಗಿತ್ತು. ಬೇರೆ ಯಾವ ರಾಜಕಾರಣಿಯ ಪುಸ್ತಿಕೆಯಲ್ಲಿ ಹೀಗಾಗಿದ್ದರೂ ನಾನು ಇಷ್ಟು ಬೇಸರಪಡುತ್ತಿರಲಿಲ್ಲವೇನೋ. ಜತ್ತಿಯವರ ವಿಷಯದಲ್ಲಿ ಆ ಮೊದಲ ಪದಗಳನ್ನು ತೆಗೆದರೆ ಉಳಿಯುವುದು ಬೇರೆ ಯಾರದೋ ಜೀವನ.

ಅದು ಹೇಗೆಂದು ಅರಿಯಲು ಅವರ ದಾರಿಯನ್ನು ಸ್ವಲ್ಪ ನೋಡಬೇಕು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಅವರು ಕೊಲ್ಲಾಪುರದಲ್ಲಿ ಕಾನೂನು ಓದಿ ಜಮಖಂಡಿಗೆ ಬಂದು ವಕೀಲಿ ಹಿಡಿದರು. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. 1940ರಲ್ಲಿ ಅಲ್ಲಿಯ ಪುರಸಭೆಯ ಸದಸ್ಯರಾಗಿ, 1945ರಲ್ಲಿ ಅದರ ಅಧ್ಯಕ್ಷರಾಗಿ, ಮುಂದೆ ಸಂಸ್ಥಾನದ ಶಾಸನ ಸಭೆಯಲ್ಲಿ ಕುಳಿತು, ಮಂತ್ರಿಯಾಗಿ, 1948ರಲ್ಲಿ ದಿವಾನರೇ ಆದರು. ಅದೇ ವರ್ಷದ ಮಾರ್ಚ್ 8ರಂದು ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ದಿವಾನಗಿರಿ ಕೈಗೆ ಬಂದ ವರ್ಷವೇ ಸಂಸ್ಥಾನ ಇಲ್ಲವಾದಾಗ ಜತ್ತಿಯವರು ಕರಿಕೋಟು ಹಾಕಿಕೊಂಡು ಮತ್ತೆ ಕೋರ್ಟಿಗೆ ಹೋದರು. ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಗೆ ನಾಮಕರಣಗೊಂಡು, ಮುಖ್ಯಮಂತ್ರಿ ಬಿ.ಜಿ. ಖೇರರ ಸಂಸದೀಯ ಕಾರ್ಯದರ್ಶಿಯಾದದ್ದು ಆಮೇಲೆ. 1952ರ ಚುನಾವಣೆಯ ನಂತರ ಮೊರಾರ್ಜಿ ದೇಸಾಯಿ ಮುಂಬಯಿಯ ಮುಖ್ಯಮಂತ್ರಿಯಾದಾಗ ಜತ್ತಿಯವರು ಅವರ ಸರ್ಕಾರದಲ್ಲಿ ಉಪಮಂತ್ರಿ. ಈ ಮೊರಾರ್ಜಿಯವರ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ. ‘ಉಪ’ ಎಂಬ ಎರಡಕ್ಷರವನ್ನು ಉಳಿಸಿಕೊಳ್ಳಬೇಕೆಂದು ನಾನು ಹಟ ಹಿಡಿದದ್ದು ಅದಕ್ಕಾಗಿಯೇ.

ಎರಡನೆಯ ಪ್ರೂಫಿಗೆ ನಾನೇ ಹೋಗಿ ಹುಡುಗನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತೆ. ಈ ಅಂಗಡಿಯಲ್ಲಿ ಅದಕ್ಕೆ ಯಾರೂ ಬೇಡವೆನ್ನುವುದಿಲ್ಲ, ಚಹಾ ಕೂಡ ತರಿಸುತ್ತಾರೆ. ಇದು ಅವರ ದೊಡ್ಡ ಗುಣ. ಕಾಲಮ್ಮನ್ನು ಸ್ವಲ್ಪ ಅಗಲ ಮಾಡಿ, ಅಕ್ಷರವನ್ನು ಒಂದು ಪಾಯಿಂಟ್ ಇಳಿಸಿ, ಬಿಟ್ಟ ಪದಗಳನ್ನೆಲ್ಲ ಮರಳಿ ಸೇರಿಸುತ್ತ ಹೋದೆವು. 1977ರ ಸಾಲಿಗೆ ಬಂದಾಗ ಹುಡುಗ ಕೈ ನಿಲ್ಲಿಸಿ ಕೇಳಿದ: ‘ಸರ, ಹಂಗಾಮಿ ಅಂದ್ರ ನಮ್ಮ ಕಡೆ ಕಬ್ಬಿನ ಹಂಗಾಮ, ಹಿಂಗಾರಿ ಹಂಗಾಮ ಅಂತೀವಲ್ರಿ, ಅದಽ ಏನ್ರಿ? ಹಂಗಾಮಿ ಆದ್ರೂ ಕುರ್ಚಿ ಅದಽ ಅಲ್ರಿ? ಮತ್ಯಾಕ ಬೇಕು ಆ ಪದ?’

ಅವನ ಮನೆಯವರು ಮುಧೋಳದ ಕಡೆ ಕಬ್ಬು ಬೆಳೆಯುವವರು. ಕಾರ್ಖಾನೆ ಹೊಗೆ ಬಿಡತೊಡಗಿದರೆ ಹಂಗಾಮ ಶುರು, ನಿಂತರೆ ಮುಗಿಯಿತು ಎಂಬುದು ಅವನಿಗೆ ಗೊತ್ತು. ಹಾಗೆ ನೋಡಿದರೆ ಅವನ ಅರ್ಥ ತಪ್ಪೇನೂ ಆಗಿರಲಿಲ್ಲ, ಏಕೆಂದರೆ ಜತ್ತಿಯವರದೂ ಒಂದು ಹಂಗಾಮವೇ: 1977ರ ಫೆಬ್ರುವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಆರಂಭವಾಗಿ, ಜುಲೈ 25ರಂದು ನೀಲಂ ಸಂಜೀವ ರೆಡ್ಡಿ ಪ್ರಮಾಣ ವಚನ ತೆಗೆದುಕೊಂಡಾಗ ಮುಗಿದದ್ದು. ರಾಷ್ಟ್ರಪತಿಯ ಸ್ಥಾನ ತೆರವಾದರೆ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು, ಅಲ್ಲಿಯವರೆಗೆ ಉಪರಾಷ್ಟ್ರಪತಿ ಆ ಕೆಲಸ ನೋಡಬೇಕು, ಆ ಅವಧಿಯಲ್ಲಿ ರಾಜ್ಯಸಭೆಯ ಸಭಾಪತಿಯ ಪೀಠದಲ್ಲಿ ಕೂರಬಾರದು ಎಂದು ಸಂವಿಧಾನ ಹೇಳುತ್ತದೆ. ಭಾರತದಲ್ಲಿ ಹಾಗೆ ಹಂಗಾಮಿಯಾದವರು ಮೂವರೇ. 1969ರಲ್ಲಿ ಜಾಕಿರ್ ಹುಸೇನರು ತೀರಿಕೊಂಡಾಗ ವಿ.ವಿ. ಗಿರಿ, ಗಿರಿಯವರು ಚುನಾವಣೆಗೆ ನಿಲ್ಲಲೆಂದು ರಾಜೀನಾಮೆ ಕೊಟ್ಟಾಗ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ, ಎಂಟು ವರ್ಷದ ಮೇಲೆ ಜತ್ತಿ. ಗಿರಿಯವರು ಆ ಚುನಾವಣೆಯಲ್ಲಿ ಗೆದ್ದು ರಾಷ್ಟ್ರಪತಿಯೇ ಆದರು. ಜತ್ತಿಯವರು ಕೆಳಗಿಳಿದು ಮತ್ತೆ ರಾಜ್ಯಸಭೆಯ ಪೀಠಕ್ಕೆ ಹೋಗಿ ಕುಳಿತು, 1979ರ ಆಗಸ್ಟ್‌ವರೆಗೆ ತಮ್ಮ ಉಪರಾಷ್ಟ್ರಪತಿ ಅವಧಿಯನ್ನು ಪೂರ್ತಿ ಮಾಡಿದರು. ದೇಶದ ಅತಿ ಎತ್ತರದ ಕುರ್ಚಿಯಲ್ಲಿ ಐದು ತಿಂಗಳ ಮೇಲೆ ಕುಳಿತು ಬಂದವರು ಮರುದಿನವೇ ಒಂದು ಮೆಟ್ಟಿಲು ಕೆಳಗಿನ ಕೆಲಸವನ್ನು ಎಂದಿನಂತೆ ಮಾಡುವುದು ಸುಲಭವಲ್ಲವೆಂದು ನನಗನಿಸುತ್ತದೆ. ಪಟ್ಟಿಯಲ್ಲಿ ‘ಹಂಗಾಮಿ’ ಇಲ್ಲದಿದ್ದರೆ ಓದುವ ಮಗುವಿಗೆ 1977ರ ಸಾಲಿನ ನಂತರ 1979ರ ಸಾಲು ತಲೆಕೆಳಗಾಗಿ ಕಾಣುತ್ತದೆ: ರಾಷ್ಟ್ರಪತಿಯಾದವರು ಮತ್ತೆ ಉಪರಾಷ್ಟ್ರಪತಿ ಏಕಾದರು?

ಕುರ್ಚಿ ಅದೇ ಅಲ್ಲವೇ ಎಂಬ ಹುಡುಗನ ಇನ್ನೊಂದು ಪ್ರಶ್ನೆಗೆ ನಾನು ಹೌದೆಂದೇ ಉತ್ತರ ಹೇಳಬೇಕಾಯಿತು. 1977ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಸೋತು ಜನತಾ ಪಕ್ಷ ಗೆದ್ದಾಗ, ದೇಶದ ಮೊದಲ ಕಾಂಗ್ರೆಸ್ಸೇತರ ಪ್ರಧಾನಿಗೆ ಮಾರ್ಚ್ 24ರಂದು ಪ್ರಮಾಣ ವಚನ ಬೋಧಿಸಿದವರು ಈ ಹಂಗಾಮಿಯೇ. ಪ್ರಮಾಣ ಸ್ವೀಕರಿಸಿದವರು, ಹಿಂದೆ ಮುಂಬಯಿಯಲ್ಲಿ ಇವರನ್ನು ತಮ್ಮ ಕೈಕೆಳಗೆ ಉಪಮಂತ್ರಿಯಾಗಿ ಇಟ್ಟುಕೊಂಡಿದ್ದ ಮೊರಾರ್ಜಿ ದೇಸಾಯಿ. ಒಂದು ತಿಂಗಳು ಕಳೆಯುವುದರೊಳಗೆ ಗೃಹಮಂತ್ರಿ ಚರಣ ಸಿಂಗರು, ಕಾಂಗ್ರೆಸ್ ಅಧಿಕಾರದಲ್ಲಿದ್ದ ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಜನಾದೇಶ ಕಳೆದುಕೊಂಡಿರುವುದರಿಂದ ವಿಧಾನಸಭೆಗಳ ವಿಸರ್ಜನೆಗೆ ಶಿಫಾರಸು ಮಾಡಿರೆಂದು ಸೂಚಿಸಿದರು. ಕೆಲವು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಕೋರ್ಟು ಆ ದಾವೆಗಳನ್ನು ತಳ್ಳಿಹಾಕಿತು. ಮಂತ್ರಿಮಂಡಲದ ಸಲಹೆ ಜತ್ತಿಯವರ ಮೇಜಿಗೆ ಬಂದಾಗ ಅವರು ತಕ್ಷಣ ರುಜು ಹಾಕಲಿಲ್ಲ. ದೆಹಲಿಯಲ್ಲಿ ಗದ್ದಲವೇ ಆಯಿತು. ಮರುದಿನ, ಏಪ್ರಿಲ್ 30ರಂದು, ಹಾಕಿದರು.

ಆ ಒಂದು ದಿನದ ತಡವನ್ನು ಕುರಿತು ನಮ್ಮ ಬಳಗದಲ್ಲಿ ಎರಡು ಅಭಿಪ್ರಾಯಗಳಿದ್ದವು. ಇಂದಿರಾ ಗಾಂಧಿಯವರ ಕಾಲದಲ್ಲಿ ಉಪರಾಷ್ಟ್ರಪತಿಯಾದವರು ತಮ್ಮ ಹಳೆಯ ಪಕ್ಷಕ್ಕೆ ಉಸಿರಾಡಲು ಸ್ವಲ್ಪ ಸಮಯ ಕೊಟ್ಟರು ಎಂದು ಕೆಲವರು. ಒಂಬತ್ತು ಚುನಾಯಿತ ಸಭೆಗಳನ್ನು ಒಂದೇ ಏಟಿಗೆ ಮುಗಿಸುವ ಕಾಗದವನ್ನು ವಕೀಲರಾದವರು ಒಂದು ರಾತ್ರಿಯಾದರೂ ಓದಬೇಡವೇ ಎಂದು ಉಳಿದವರು. ನಾನು ಎರಡನೆಯ ಗುಂಪಿನವನು. ಆದರೆ ಪುಸ್ತಿಕೆಯಲ್ಲಿ ಎರಡನ್ನೂ ಹಾಕಿದ್ದೇವೆ, ಜೊತೆಗೆ ಕಾನೂನಿನ ಸ್ಥಿತಿಯನ್ನೂ ಹೇಳಿದ್ದೇವೆ. ಆ ವರ್ಷದ ಜನವರಿಯಲ್ಲಿ ಜಾರಿಗೆ ಬಂದಿದ್ದ 42ನೆಯ ತಿದ್ದುಪಡಿ, ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕೆಂದು ಬರೆದಿಟ್ಟಿತ್ತು. ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಹಿಂದಿರುಗಿಸಬಹುದೆಂಬ ಅವಕಾಶ ಬಂದದ್ದು 1978ರ 44ನೆಯ ತಿದ್ದುಪಡಿಯಲ್ಲಿ. ಅಂದರೆ ಜತ್ತಿಯವರ ಕೈಯಲ್ಲಿ ಹಿಂದಿರುಗಿಸುವ ಅಧಿಕಾರವೂ ಇರಲಿಲ್ಲ. ವಿಸರ್ಜನೆಗೊಂಡ ಒಂಬತ್ತರಲ್ಲಿ ಒರಿಸ್ಸಾ ಕೂಡ ಒಂದು. ಅಲ್ಲಿ ಅವರೇ 1972ರಿಂದ 1974ರವರೆಗೆ ರಾಜ್ಯಪಾಲರಾಗಿದ್ದರು. 1973ರಲ್ಲಿ ನಂದಿನಿ ಸತ್ಪತಿಯವರು ರಾಜೀನಾಮೆ ಕೊಟ್ಟಾಗ, ಬಹುಮತ ತಮಗಿದೆಯೆಂದು ಬಂದ ಬಿಜು ಪಟ್ನಾಯಕರನ್ನು ಕರೆಯದೆ ವಿಧಾನಸಭೆಯ ವಿಸರ್ಜನೆಗೆ ಶಿಫಾರಸು ಮಾಡಿ, ಆ ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಲು ಕಾರಣರಾಗಿದ್ದರು. ಈ ಪ್ಯಾರಾವನ್ನು ತೆಗೆಯಿರಿ, ಮಕ್ಕಳ ಪುಸ್ತಕದಲ್ಲಿ ಯಾಕೆ ಎಂದು ಬಳಗದಲ್ಲಿ ಒತ್ತಾಯ ಬಂದಿತ್ತು. ನಾನು ತೆಗೆಯಲಿಲ್ಲ. 1973ರಲ್ಲಿ ತಡಮಾಡದವರು 1977ರಲ್ಲಿ ತಡಮಾಡಿದರೆಂಬುದನ್ನು ಓದಿದವರೇ ತೂಗಿ ನೋಡಲಿ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗ ‘ಹಂಗಾಮಿ’ಯನ್ನು ತಾನೇ ದಪ್ಪಕ್ಷರದಲ್ಲಿ ಹಾಕಿದ. ದಪ್ಪ ಬೇಡವೆಂದು ಇಳಿಸಿದೆ.

ಈ ಅಂಗಡಿಯ ಕಂಪ್ಯೂಟರುಗಳಲ್ಲಿ ಪುಟ ಜೋಡಿಸಲು ಇನ್ನೂ ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶವೇ ಇದೆಯೆಂಬುದನ್ನು ಕೆಲಸ ಕೊಡುವವರು ತಿಳಿದಿರಬೇಕು. ನಾವು ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಯೂನಿಕೋಡಿನಲ್ಲಿ ಟೈಪು ಮಾಡಿದ್ದನ್ನು ಅವರು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಕ್ಕೆ ಪರಿವರ್ತಿಸಿಕೊಳ್ಳುತ್ತಾರೆ. ಆ ದಾಟುವಿಕೆಯಲ್ಲಿ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುವುದು, ಒತ್ತಕ್ಷರ ಬಿಡಿಸಿಕೊಂಡು ನಿಲ್ಲುವುದು ಉಂಟು. ನಮ್ಮ ‘ಕಾರ್ಯದರ್ಶಿ’ ಮೂರು ಕಡೆ ಮೂರು ರೂಪದಲ್ಲಿ ಬಂದಿದ್ದ. ಸಾಧ್ಯವಿದ್ದರೆ ನುಡಿಯಲ್ಲಿಯೇ ಟೈಪು ಮಾಡಿ ಕೊಡುವುದು ಉತ್ತಮ, ಇಲ್ಲದಿದ್ದರೆ ಪ್ರೂಫನ್ನು ಪರದೆಯ ಮೇಲೆ ನೋಡದೆ ಕಾಗದದ ಮೇಲೆ ತೆಗೆಸಿ, ಕೆಂಪು ಪೆನ್ನು ಹಿಡಿದು ಓದಬೇಕು.

ಇದಕ್ಕಿಂತ ವಿಚಿತ್ರವಾದದ್ದು ‘ಮೈಸೂರು’ ಪದದ ಕತೆ. ಎರಡನೆಯ ಪ್ರೂಫಿನಲ್ಲಿ ಯಾರೋ, ಪ್ರಾಯಶಃ ಮಾಲೀಕರೇ, ಒಳ್ಳೆಯ ಮನಸ್ಸಿನಿಂದ ಇಡೀ ಪುಸ್ತಿಕೆಯ ‘ಮೈಸೂರು’ ಎಂಬುದನ್ನೆಲ್ಲ ಒಂದೇ ಗುಂಡಿ ಒತ್ತಿ ‘ಕರ್ನಾಟಕ’ ಮಾಡಿಬಿಟ್ಟಿದ್ದರು. 1956ರ ನವೆಂಬರ್ 1ರಂದು ವಿಜಾಪುರ, ಬೆಳಗಾವಿ, ಧಾರವಾಡ, ಕಾರವಾರದ ಸೀಮೆ ಮುಂಬಯಿಯಿಂದ ಬಿಟ್ಟು ಬಂದು ಸೇರಿದ ರಾಜ್ಯದ ಹೆಸರು ಮೈಸೂರು. ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಜತ್ತಿಯವರು ಮುಖ್ಯಮಂತ್ರಿಯಾಗಿದ್ದ 1958ರ ಮೇ ತಿಂಗಳಿಂದ 1962ರ ಮಾರ್ಚ್‌ವರೆಗಿನ ಕಾಲದಲ್ಲಿ ‘ಕರ್ನಾಟಕದ ಮುಖ್ಯಮಂತ್ರಿ’ ಎಂಬ ಹುದ್ದೆಯೇ ಇರಲಿಲ್ಲ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಪ್ರೂಫಿನಲ್ಲಿ ‘ಕರ್ನಾಟಕ ಅರಸು ಮನೆತನದವರು’ ಆಗಿದ್ದರು. ಅರಸು ಮನೆತನವನ್ನು ಮೈಸೂರಿಗೆ ಮರಳಿಸಿದ್ದಾಯಿತು. ಆದರೆ ಒಂದು ಸಾಲನ್ನು ತಿದ್ದಲು ಹೋಗಿ ನಾನೇ ನಿಲ್ಲಿಸಬೇಕಾಯಿತು. 1961ರ ಮೈಸೂರು ಭೂಸುಧಾರಣೆ ಕಾಯ್ದೆ ರಾಜ್ಯದ ಹೆಸರು ಬದಲಾದ ಮೇಲೆ ಅಧಿಕೃತವಾಗಿಯೇ ಕರ್ನಾಟಕ ಭೂಸುಧಾರಣೆ ಕಾಯ್ದೆ, 1961 ಆಗಿದೆ. ಗುಂಡಿ ಒತ್ತಿ ಮಾಡಿದ ತಪ್ಪೊಂದು ಅಲ್ಲಿ ಮಾತ್ರ ಸರಿಯಾಗಿ ಕುಳಿತಿತ್ತು!

ಈ ಕಾಯ್ದೆಯ ಪ್ರಸ್ತಾಪ ಬಂದದ್ದರಿಂದ ಒಂದು ಮಾತು. ಜತ್ತಿಯವರ ಹೆಸರು ಹೊಲಗದ್ದೆಗಳಿಗೆ ತಟ್ಟಿದ ಕೆಲಸವೆಂದರೆ ಇದೇ. ಏಕೀಕರಣವಾದ ಮೇಲೆ ಐದು ಬೇರೆ ಬೇರೆ ಆಡಳಿತಗಳಿಂದ ಬಂದ ಪ್ರದೇಶಗಳಲ್ಲಿ ಗೇಣಿಗೆ ಐದು ಬಗೆಯ ಕಾನೂನುಗಳಿದ್ದವು. ಅವನ್ನೆಲ್ಲ ಒಂದು ಮಾಡುವ ಸಮಿತಿಗೆ ಜತ್ತಿಯವರು ಅಧ್ಯಕ್ಷರಾದರು. ಆ ವರದಿಯಿಂದ ಹುಟ್ಟಿದ್ದು 1961ರ ಕಾಯ್ದೆ, ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಭೂಮಾಲೀಕರು ಸ್ವಂತ ಸಾಗುವಳಿಗೆಂದು ಭೂಮಿಯನ್ನು ಮರಳಿ ಪಡೆಯಲು ಅದರಲ್ಲಿ ದಾರಿಗಳಿದ್ದವು. ಉಳುವವನೇ ಒಡೆಯನೆಂಬ ಮಾತು ನಿಜಕ್ಕೂ ನೆಲಕ್ಕೆ ಇಳಿದದ್ದು ದೇವರಾಜ ಅರಸರು ಅದೇ ಕಾಯ್ದೆಗೆ ತಿದ್ದುಪಡಿ ತಂದು, 1974ರ ಮಾರ್ಚ್ 1ರಿಂದ ಜಾರಿ ಮಾಡಿದ ಮೇಲೆ. ಹಾಗಾಗಿ ಊರಿನವರು ಅರಸರನ್ನು ನೆನೆಯುತ್ತಾರೆ, ಜತ್ತಿಯವರನ್ನು ನೆನೆಯುವುದಿಲ್ಲ. ಅರಸರು ತಿದ್ದಿದ ಹಾಳೆ ಜತ್ತಿಯವರ ಕಾಲದ್ದು ಎಂಬ ಒಂದು ವಾಕ್ಯವನ್ನು ಮಾತ್ರ ನಾವು ಸೇರಿಸಿದೆವು. 1959ರ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾಯ್ದೆಯೂ ಅವರ ಅವಧಿಯದೇ.

ಚಿತ್ರಗಳ ವಿಷಯದಲ್ಲಿ ಅಂಗಡಿಯವರು ನನ್ನ ನಿರೀಕ್ಷೆಯನ್ನು ಮೀರಿದರು. ನಾವು ಕೊಟ್ಟವುಗಳಲ್ಲಿ ನಾಲ್ಕು ಹಳೆಯ ಪತ್ರಿಕೆಯ ತುಣುಕುಗಳು. ಅಚ್ಚಾದ ಚಿತ್ರವನ್ನು ಮತ್ತೆ ಸ್ಕ್ಯಾನ್ ಮಾಡಿ ಅಚ್ಚು ಹಾಕಿದರೆ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಮುಖವೆಲ್ಲ ಜಾಳಿಗೆಯಂತಾಗುತ್ತದೆ. ಮೊದಲ ಪ್ರತಿಯಲ್ಲಿ ಜತ್ತಿಯವರ ಬಿಳಿಯ ಗಾಂಧಿ ಟೋಪಿ ಹಿಂದಿನ ಬಿಳಿಯ ಗೋಡೆಯಲ್ಲಿ ಕರಗಿ, ಕನ್ನಡಕ ಮತ್ತು ಕರಿಯ ಹುಬ್ಬು ಮಾತ್ರ ಗಾಳಿಯಲ್ಲಿ ತೇಲುತ್ತಿದ್ದವು. ಮಾಲೀಕರು ಅದನ್ನು ನೋಡಿ ತಲೆಯಲ್ಲಾಡಿಸಿ, ತುಣುಕನ್ನು ಸ್ವತಃ ತೆಗೆದುಕೊಂಡು ಸಂಜೆಯವರೆಗೆ ಕೂತರು. ಟೋಪಿಯ ಅಂಚಿಗೆ ಕೂದಲೆಳೆಯಷ್ಟು ಬೂದು ಗೆರೆ ಉಳಿಯುವಂತೆ, ಗೋಡೆಗೆ ಒಂದು ಛಾಯೆ ಕೂಡುವಂತೆ ಮಾಡಿಕೊಟ್ಟರು. ಇದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ಮೊಳೆ ಜೋಡಿಸಿ ಬೆಳೆದ ಮನೆಯವರಿಗೆ ಕಪ್ಪು ಬಿಳುಪಿನ ಅಳತೆ ಕಣ್ಣಿನಲ್ಲೇ ಇರುತ್ತದೆಂದು ತೋರುತ್ತದೆ. ಒಳಪುಟಗಳ ಶಾಯಿ ಮೊದಲ ಪ್ರತಿಯಿಂದ ಕೊನೆಯ ಪ್ರತಿಯವರೆಗೆ ಒಂದೇ ಹದದಲ್ಲಿತ್ತು, ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತಿರಲಿಲ್ಲ, ಪಿನ್ನು ನಡುಗೆರೆಯ ಮೇಲೆಯೇ ಬಿದ್ದಿತ್ತು. ಕತ್ತರಿಸುವಾಗ ಕೆಲವು ಪ್ರತಿಗಳಲ್ಲಿ ಪುಟ ಸಂಖ್ಯೆ ಅಂಚಿಗೆ ತೀರ ಹತ್ತಿರ ಬಂದಿದೆ, ದೂರುವಷ್ಟಲ್ಲ.

ದೂರುವಂಥದ್ದು ಹಿಂಬದಿಯ ರಕ್ಷಾಪುಟದಲ್ಲಿ ಆಯಿತು. ಒಳಪುಟಗಳಿಗೆ ಮೂರು ಪ್ರೂಫ್ ತೋರಿಸಿದವರು, ಹುಬ್ಬಳ್ಳಿಗೆ ಹೋಗಬೇಕಾದ ಮುಖಪುಟದ ಎದುರು ಭಾಗವನ್ನು ಮಾತ್ರ ವಾಟ್ಸಾಪಿನಲ್ಲಿ ಕಳಿಸಿದರು. ನಾನು ಒಪ್ಪಿಗೆ ಕೊಟ್ಟೆ. ಹಿಂಬದಿಯನ್ನು ಕೇಳಲಿಲ್ಲ, ಅದು ನನ್ನ ತಪ್ಪು. ಸೆಪ್ಟೆಂಬರ್ 8ರ ಸಂಜೆ ಕಟ್ಟುಗಳು ಬಂದಾಗ ಹಿಂದೆ ತಿರುಗಿಸಿ ನೋಡಿದರೆ, ಮೂರು ಸಾಲಿನ ಪರಿಚಯದಲ್ಲಿ ದಪ್ಪಕ್ಷರದಲ್ಲಿ ‘ಭಾರತದ ರಾಷ್ಟ್ರಪತಿಗಳಾಗಿದ್ದ’ ಎಂದು ಅಚ್ಚಾಗಿತ್ತು, ಅದರ ಕೆಳಗೆ ‘ಪುದುಚೇರಿಯ ಗವರ್ನರ್’ ಎಂದೂ ಇತ್ತು. ಒಳಗೆ ಅಷ್ಟು ಕಷ್ಟಪಟ್ಟು ಉಳಿಸಿಕೊಂಡ ಎರಡು ಪದಗಳೂ ಹೊರಗೆ ಇರಲಿಲ್ಲ. 1968ರಿಂದ 1972ರವರೆಗೆ ಅವರು ಲೆಫ್ಟಿನೆಂಟ್ ಗವರ್ನರ್ ಆಗಿದ್ದ ಊರಿಗೆ ಆಗ ಪಾಂಡಿಚೇರಿ ಎಂದೇ ಹೆಸರಿತ್ತು, 2006ರಲ್ಲಿ ಅದು ಪುದುಚೇರಿಯಾಯಿತು. ಮೊದಲ ಪ್ರೂಫಿನ ಹಳೆಯ ಫೈಲಿನಿಂದ ಆ ಮೂರು ಸಾಲುಗಳನ್ನು ಎತ್ತಿ ಹಾಕಿದ್ದರು.

ಮಾಲೀಕರಿಗೆ ಫೋನು ಮಾಡಿದೆ. ವಾದ ಮಾಡಲಿಲ್ಲ. ‘ಮಾಸ್ತರ್ರ, ರಾತ್ರಿ ಅಂಗಡಿ ಮುಚ್ಚೂದಿಲ್ಲ, ಕಟ್ಟು ತಗೊಂಡ ಬರ್ರಿ’ ಎಂದರು. ಮುಖಪುಟವನ್ನು ಮತ್ತೆ ಅಚ್ಚು ಹಾಕಿಸಲು ಸಮಯವಿರಲಿಲ್ಲ. ಸರಿಯಾದ ಮೂರು ಸಾಲುಗಳನ್ನು ಅಂಟುವ ಕಾಗದದ ಮೇಲೆ ಅಚ್ಚು ಮಾಡಿ, ಅಳತೆಗೆ ಕತ್ತರಿಸಿ, ತಪ್ಪಾದ ಸಾಲುಗಳ ಮೇಲೆಯೇ ಕೂರುವಂತೆ 500 ಪ್ರತಿಗೂ ಅಂಟಿಸುವುದೆಂದು ತೀರ್ಮಾನವಾಯಿತು. ಮಾಲೀಕರು, ಅವರ ಶ್ರೀಮತಿಯವರು, ಯಂತ್ರ ನಡೆಸುವವರು, ಆ ಹುಡುಗ ಮತ್ತು ನಾನು ನೆಲದ ಮೇಲೆ ಚಾಪೆ ಹಾಸಿಕೊಂಡು ಕುಳಿತೆವು. ಮೊದಲ ನೂರು ಪ್ರತಿಗಳಲ್ಲಿ ಚೀಟಿ ಸ್ವಲ್ಪ ಓರೆಯಾಗಿದೆ. ಆಮೇಲೆ ಹುಡುಗನೇ ಒಂದು ರಟ್ಟಿನ ಚೌಕಟ್ಟು ಕತ್ತರಿಸಿ ತಂದ, ಅದನ್ನಿಟ್ಟು ಅಂಟಿಸಿದ ಮೇಲೆ ಕೈ ಆಡಿಸಿದರೆ ಮಾತ್ರ ತಿಳಿಯುವಷ್ಟು ನೇರವಾಗಿ ಕೂತವು. ಅಕ್ಕನವರು ನಡುವೆ ಎದ್ದು ಹೋಗಿ ಎಲ್ಲರಿಗೂ ರೊಟ್ಟಿ, ಝುಣಕ ತಂದುಕೊಟ್ಟರು. ಮುಗಿದಾಗ ಎರಡು ಗಂಟೆ ದಾಟಿತ್ತು. ಮರುದಿನ ಬಿಲ್ಲಿನಲ್ಲಿ 1,500 ರೂಪಾಯಿ ತಾವಾಗಿಯೇ ಕಡಿಮೆ ಮಾಡಿದ್ದರು. ಹಣ ಉಳಿಯಿತಾದರೂ ಅಂಟಿಸಿದ ಚೀಟಿ ಅಂಟಿಸಿದ್ದೇ; ಹತ್ತು ವರ್ಷದ ಮೇಲೆ ಅದು ಸುರುಳಿಯಾಗಿ ಬಿದ್ದರೆ ಕೆಳಗಿನ ತಪ್ಪು ಹಲ್ಲು ಕಿರಿಯುತ್ತದೆ. ಮುಖಪುಟದ ನಾಲ್ಕೂ ಬದಿಗಳನ್ನು ಕಾಗದದ ಮೇಲೆ ನೋಡದೆ ಯಾರೂ ಒಪ್ಪಿಗೆ ಕೊಡಬಾರದು.

ಸೆಪ್ಟೆಂಬರ್ 10ರಂದು ಪುಸ್ತಿಕೆ ಸಮಯಕ್ಕೆ ಸರಿಯಾಗಿ ಮಕ್ಕಳ ಕೈ ಸೇರಿತು. ಸಾವಳಗಿಯ ಕಡೆಯ ಒಬ್ಬ ಹುಡುಗಿ ಚೀಟಿಯನ್ನು ಉಗುರಿನಿಂದ ಕೆದರುತ್ತಿದ್ದುದನ್ನು ನಾನೇ ಕಂಡೆ.

ಒಟ್ಟಿನಲ್ಲಿ ಬೆಲೆ ನ್ಯಾಯವಾದದ್ದು, ಕೊಟ್ಟ ದಿನಕ್ಕೆ ಕೆಲಸ ಮುಟ್ಟಿಸುತ್ತಾರೆ, ಅರ್ಧ ಹಣ ಮುಂಗಡ ಕೇಳುತ್ತಾರೆ, ಭಾನುವಾರ ರಜೆ. ವಿದ್ಯಾಗಿರಿಯ ಕಡೆ ಇನ್ನೆರಡು ಅಂಗಡಿಗಳಲ್ಲಿ ವಿಚಾರಿಸಿದಾಗ ಇದಕ್ಕಿಂತ ಕಡಿಮೆ ಹೇಳಿದ್ದರೂ ಅಲ್ಲಿ ಯಾರೂ ಪ್ರೂಫ್ ತಿದ್ದಲು ಪಕ್ಕದಲ್ಲಿ ಕೂರಗೊಡುವುದಿಲ್ಲ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್ಕಿಗೆ ಈ ಅಂಗಡಿಯನ್ನು ಕಣ್ಣು ಮುಚ್ಚಿ ಆರಿಸಿಕೊಳ್ಳಬಹುದು. ಚರಿತ್ರೆ, ವಂಶಾವಳಿ, ತಾರೀಖು, ಹುದ್ದೆಗಳಿರುವ ಪುಸ್ತಕವಾದರೆ ತಿದ್ದಲು ತಿಳಿದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು.

ನಾನು ಮತ್ತೆ ಅಲ್ಲಿಗೇ ಹೋಗಿದ್ದೇನೆ. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತಾಗ, ಜತ್ತಿಯವರ ನಂತರ ಮೂರು ತಿಂಗಳ ಮಟ್ಟಿಗೆ ಮುಖ್ಯಮಂತ್ರಿಯಾಗಿ, ನಿಜಲಿಂಗಪ್ಪನವರು ನಮ್ಮ ಬಾಗಲಕೋಟೆಯಿಂದ ಉಪಚುನಾವಣೆಯಲ್ಲಿ ಆರಿಸಿ ಬಂದೊಡನೆ ಕುರ್ಚಿಯನ್ನು ಬಿಟ್ಟುಕೊಟ್ಟ ಹುನಗುಂದದ ಎಸ್.ಆರ್. ಕಂಠಿಯವರ ಮೇಲೆ 32 ಪುಟದ ಪುಸ್ತಿಕೆಯೊಂದನ್ನು ಬಳಗ ಸಿದ್ಧಮಾಡಿದೆ. ಈ ಸಲ ಒಂದಕ್ಷರವನ್ನೂ ಇಂಗ್ಲಿಷಿನಲ್ಲಿ ಕೊಡಬಾರದೆಂದು ಎಲ್ಲರಿಗೂ ಹೇಳಿದ್ದೆ. ಆದರೂ ಚಿತ್ರಗಳ ಅಡಿಬರಹವನ್ನು ಯಾರೋ ಇಂಗ್ಲಿಷಿನಲ್ಲೇ ಕೊಟ್ಟಿದ್ದಾರೆ. ಹೋದ ವಾರ ಮೊದಲ ಪ್ರೂಫ್ ಬಂತು. ಹನ್ನೊಂದು ಕಡೆ ‘ಕಂಠಿ’ ಎಂದು ಸರಿಯಾಗಿದೆ, ಮುಖಪುಟದಲ್ಲಿ ‘ಕಾಂತಿ’ ಎಂದಿದೆ.